ಎಫ್.ಸಿ. ಕೊಡುವವರು ಯಾರು?

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಈ ಸಲ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ. ಸಕ್ಕರೆ ಕಾಯಿಲೆ ಮಾತ್ರ ಬೇಡ, ಅದು ಹೋದ ವರ್ಷವೇ ಆಯಿತು" ಎಂದರು. ಆರೋಗ್ಯದ ಬಗ್ಗೆಯೇ ಬರೆಯುತ್ತಿದ್ದೇನೆ. ಆದರೆ ರೋಗಿ ಮಾತ್ರ ನಮ್ಮ ಮನೆಯ ಮುಂದೆ ನಿಂತಿರುವ ಪಿಕಪ್ ಟ್ರಕ್ಕು.

ಕೂಟದ ಹಳೆಯ ಸದಸ್ಯರಿಗೆ ಈ ಟ್ರಕ್ಕಿನ ಪರಿಚಯ ಹೇಳಬೇಕಾಗಿಲ್ಲ. 1995ರ ಫೋರ್ಡ್ ಎಫ್-150, ಆರು ಸಿಲಿಂಡರಿನ ಎಂಜಿನ್. ಎಷ್ಟೋ ಯುಗಾದಿಗಳ ಅಡುಗೆ ಪಾತ್ರೆಗಳು, ನಾಟಕದ ಪರದೆಗಳು, ಮಡಚುವ ಕುರ್ಚಿಗಳು, ಒಂದು ವರ್ಷ ಸಾಕ್ಷಾತ್ ಗಣಪತಿ, ಎಲ್ಲರೂ ಇದರ ಬೆನ್ನೇರಿ ಬಂದವರೇ. ಬಣ್ಣ ಮಾಸಿದೆ, ಬಲಗಡೆಯ ಕಿಟಕಿ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎಂಜಿನ್ ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ. ನನಗೆ ಇದರ ಮೇಲಿರುವ ಮೋಹವನ್ನು ಮನೆಯವರು ಸಹಿಸಿಕೊಂಡಿದ್ದಾರೆ. ಮೆಚ್ಚಿಕೊಂಡಿದ್ದಾರೆ ಎಂದು ಹೇಳಲಾರೆ.

ಆಗಸ್ಟಿನಲ್ಲಿ ನೆವಾಡ ರಾಜ್ಯದ ಎಲ್ಕೊ ಊರಿನಿಂದ ಫೋನ್ ಬಂತು. ಮಾಡಿದವನು ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ನನ್ನ ಸಹಪಾಠಿ, ಹಾಸ್ಟೆಲ್ ಕೋಣೆಯ ಜೊತೆಗಾರ. ಅವನೂ ಗದಗಿನಿಂದ ಈ ದೇಶಕ್ಕೆ ರೆಸಿಡೆನ್ಸಿಗೆಂದು ಬಂದವನು. ಜೆ-1 ವೀಸಾದಲ್ಲಿ ಬಂದ ವೈದ್ಯರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೇ ಡಾಕ್ಟರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿಯಬೇಕು ಎಂಬ ನಿಯಮ ನಮ್ಮಲ್ಲಿ ಅನೇಕರಿಗೆ ಗೊತ್ತು. ಇವನು ಮೂರು ವರ್ಷಕ್ಕೆಂದು ಎಲ್ಕೊಗೆ ಹೋಗಿ ಇಪ್ಪತ್ತನಾಲ್ಕು ವರ್ಷ ಉಳಿದ. ಅಲ್ಲಿ ಹದಿನಾರು ಅಡಿಯ ಒಂದು ಟ್ರೈಲರ್ ಕೊಂಡ. ಒಳಗೆ ಎರಡು ಮಂಚ, ಒಂದು ಒಲೆ. ನಿವೃತ್ತರಾದ ಮೇಲೆ ಅದನ್ನು ಕಟ್ಟಿಕೊಂಡು ಇಬ್ಬರೂ ಜೋಡಿಯಾಗಿ ಯೆಲ್ಲೋಸ್ಟೋನಿನಿಂದ ಗ್ರ್ಯಾಂಡ್ ಕ್ಯಾನ್ಯನ್ ತನಕ ಸುತ್ತುವುದೆಂದು ಮಾತಾಗಿತ್ತು. ಈಗ ಅವನ ಕಣ್ಣು ಹೋಗುತ್ತಿದೆ. ಗ್ಲಾಕೋಮಾ. ಮನೆ ಮಾರಿದ್ದಾನೆ. ಅಕ್ಟೋಬರ್ ಕೊನೆಗೆ ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೊರಡುತ್ತಾನೆ.

"ಟ್ರೈಲರ್ ಮಾರಾಕ ಮನಸ್ಸಿಲ್ಲಲೇ. ಗುರುತಿಲ್ಲದವರು ಯಾರರೆ ಒಯ್ದರ ಸಂಕಟ ಆಗ್ತೈತಿ. ನೀ ಬಂದು ಒಯ್ಯಿ" ಎಂದ. ನಾನು ಎರಡನೇ ಮಾತಿಲ್ಲದೆ, "ನಮ್ಮ ಟ್ರಕ್ಕಿನಲ್ಲೇ ಬಂದು ಎಳೆದುಕೊಂಡು ಹೋಗ್ತೇನೆ" ಎಂದುಬಿಟ್ಟೆ.

ಅಂದಿನಿಂದ ಊಟದ ಮೇಜಿನ ಮೇಲೆ ಅನ್ನ ಸಾರಿಗಿಂತ ನಕ್ಷೆಗಳೇ ಹೆಚ್ಚಾದವು. ಫಾಸ್ಟರ್ ಸಿಟಿಯಿಂದ ಎಲ್ಕೊಗೆ ಸುಮಾರು 500 ಮೈಲಿ. ಸ್ಯಾನ್ ಮಟಿಯೋ ಸೇತುವೆ ದಾಟಿ, ಐ-80 ಹಿಡಿದು, ಸ್ಯಾಕ್ರಮೆಂಟೊ, ಟ್ರಕೀ, ರೀನೊ, ವಿನಮಕ್ಕ. ಹೋಗುವಾಗ ಗಾಡಿ ಖಾಲಿ, ಬರುವಾಗ ಹಿಂದೆ ಟ್ರೈಲರ್. ಖಾಲಿ ತೂಕ 2,900 ಪೌಂಡ್ ಎಂದು ಅದರ ಚೀಟಿಯಲ್ಲಿದೆ. ಗೆಳೆಯನ ಸಾಮಾನು, ಗ್ಯಾಸ್ ಸಿಲಿಂಡರ್, ಗ್ಯಾಲನ್ನಿಗೆ 8 ಪೌಂಡಿಗೂ ಹೆಚ್ಚು ತೂಗುವ ನೀರು, ಎಲ್ಲ ಸೇರಿದರೆ 3,800ರ ಹತ್ತಿರ ಬರುತ್ತದೆ. ಅದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಹಾವಿನ ಬಾಲದಂತೆ ಆಡುತ್ತದೆ, ಹೆಚ್ಚಾದರೆ ಟ್ರಕ್ಕಿನ ಮೂತಿ ಮೇಲೇಳುತ್ತದೆ. ಗಾಡಿಯ ಮ್ಯಾನ್ಯುಯಲ್ ತೆಗೆದು ನೋಡಿದೆ. ಎಳೆಯಬಹುದಾದ ತೂಕದೊಳಗೇ ಇತ್ತು. ಖುಷಿಯಾಯಿತು. ಆ ಲೆಕ್ಕವನ್ನು 1995ರ ಹೊಸ ಗಾಡಿಗಾಗಿ ಬರೆದಿದ್ದರೆಂಬುದು ಹೊಳೆದದ್ದು ಮಾರನೆಯ ದಿನ.

ನನ್ನ ಸಮರ್ಥನೆಗೆ ಒಬ್ಬ ಡಾಕ್ಟರನ್ನೂ ಹುಡುಕಿಟ್ಟುಕೊಂಡಿದ್ದೆ. ಕಾರಿನಲ್ಲಿ ಈ ಖಂಡವನ್ನು ಮೊದಲು ದಾಟಿದವನು ಹೊರೇಶಿಯೋ ನೆಲ್ಸನ್ ಜ್ಯಾಕ್ಸನ್ ಎಂಬ ವೈದ್ಯ. ಹೊರಟದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೊದಿಂದಲೇ, 1903ರ ಮೇ 23ರಂದು, 50 ಡಾಲರಿನ ಪಂದ್ಯ ಕಟ್ಟಿ, ಬೇರೆಯವರು ಬಳಸಿದ್ದ ಒಂದು ವಿಂಟನ್ ಕಾರಿನಲ್ಲಿ. 63 ದಿನಗಳಲ್ಲಿ ನ್ಯೂಯಾರ್ಕ್ ತಲುಪಿದ. (ಖರ್ಚಿಗೆ ಹೆಂಡತಿಯ ತವರಿನ ಹಣವಿತ್ತು, ಅದು ಸೆಲರಿ ಸೊಪ್ಪಿನ ಹೆಸರು ಹೇಳಿ ಮಾರಿದ ಟಾನಿಕ್ಕಿನಿಂದ ಬಂದದ್ದು. ಟಾನಿಕ್ಕಿನಲ್ಲಿ ಸೊಪ್ಪಿನ ಜೊತೆಗೆ ಮದ್ಯಸಾರ ಧಾರಾಳವಾಗಿತ್ತು. ಆ ವಿಚಾರ ಇನ್ನೊಮ್ಮೆ.) ಈ ಕಥೆಯನ್ನು ಮನೆಯಲ್ಲಿ ಎರಡು ಸಲ ಹೇಳಿದೆ. ಜ್ಯಾಕ್ಸನ್ ತನ್ನ ಪಕ್ಕದಲ್ಲಿ ಕ್ರಾಕರ್ ಎಂಬ ಮೆಕ್ಯಾನಿಕ್ಕನ್ನು ಕೂರಿಸಿಕೊಂಡಿದ್ದ, ನೆವಾಡದ ಮರಳುಗಾಡಿನ ನೇರ ದಾರಿಯನ್ನು ಬಿಟ್ಟು ಆರೆಗಾನ್ ಕಡೆಯಿಂದ ಸುತ್ತಿಹೋಗಿದ್ದ ಎಂಬ ಭಾಗವನ್ನು ಮಾತ್ರ ಹೇಳಲಿಲ್ಲ.

ಒಂದು ರಾತ್ರಿ ನನ್ನ ಹೆಂಡತಿ ಪಾತ್ರೆ ಒರೆಸುತ್ತ ಕೇಳಿದಳು: "ಈ ಗಾಡಿ ನಿಮ್ಮ ಪೇಷೆಂಟ್ ಆಗಿದ್ದರೆ ಫಿಟ್ ಅಂತ ಸಹಿ ಹಾಕ್ತಿದ್ದಿರಾ?"

ಉತ್ತರ ಹೇಳಲು ಎರಡು ವಾರ ಬೇಕಾಯಿತು. ಈ ಬರಹವೇ ಆ ಎರಡು ವಾರದ ಯೋಚನೆ.

ಡೆಟ್ರಾಯಿಟ್‌ನಲ್ಲಿ ರೆಸಿಡೆಂಟಾಗಿದ್ದಾಗ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗಳನ್ನು ಪರೀಕ್ಷಿಸಿ ಟಿಪ್ಪಣಿ ಬರೆಯುವುದು ನಮ್ಮ ಕೆಲಸ. ಮೊದಲ ವಾರ ನಾನೊಂದು ಕೇಸಿನಲ್ಲಿ ಸಲೀಸಾಗಿ "ಶಸ್ತ್ರಚಿಕಿತ್ಸೆಗೆ ಅಡ್ಡಿಯಿಲ್ಲ" ಎಂದು ಬರೆದಿದ್ದೆ. ಹಿರಿಯ ವೈದ್ಯರು ಅದನ್ನು ಹೊಡೆದುಹಾಕಿ, ಅಡ್ಡಿಯಿಲ್ಲ ಎನ್ನಲು ನೀನು ಯಾರು, ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಅಪಾಯ ಎಂಬುದನ್ನು ಬರೆ, ತೀರ್ಮಾನ ಅವರದು ಎಂದರು. 1977ರಲ್ಲಿ ಗೋಲ್ಡ್‌ಮನ್ ಮತ್ತು ಸಹೋದ್ಯೋಗಿಗಳು ಹೃದಯದ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ಪ್ರಕಟಿಸಿದ್ದರು. ಅದನ್ನು ಬಾಯಿಪಾಠ ಮಾಡಿದ್ದೆವು. ಆದರೆ ನಿಜವಾಗಿ ಕೆಲಸಕ್ಕೆ ಬರುತ್ತಿದ್ದದ್ದು ಒಂದು ಸರಳ ಪ್ರಶ್ನೆ: ಎರಡು ಮಹಡಿ ನಿಲ್ಲದೆ ಹತ್ತಬಲ್ಲಿರಾ? ಕುರ್ಚಿಯಲ್ಲಿ ಕೂತವನ ಹೃದಯ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಭಾರ ಹೊರಿಸಿದಾಗ ತಾನೇ ಗೊತ್ತಾಗುವುದು?

ನಮ್ಮ ಫಾಸ್ಟರ್ ಸಿಟಿ ಎಂತಹ ಊರೆಂದು ನೆನೆಯಿರಿ. 1960ರ ದಶಕದಲ್ಲಿ ಕೊಲ್ಲಿಯ ಜೌಗು ನೆಲಕ್ಕೆ ಮಣ್ಣು ತುಂಬಿ, ಸುತ್ತ ಒಡ್ಡು ಕಟ್ಟಿ ಎಬ್ಬಿಸಿದ ಊರು. ಅಂಗೈಯಂತೆ ಮಟ್ಟಸ. ಏರು ಎಂದರೆ ಸೇತುವೆಯ ಉಬ್ಬು ಒಂದೇ. ಇಲ್ಲಿ ಈ ಟ್ರಕ್ಕು ಇಷ್ಟು ವರ್ಷ ಕೈಕೊಡಲಿಲ್ಲ ಎಂದರೆ ಕುರ್ಚಿಯಲ್ಲಿ ಕೂತವನ ಹೃದಯ ಚೆನ್ನಾಗಿದೆ ಎಂದಷ್ಟೇ ಅರ್ಥ. ಬರುವ ದಾರಿಯಲ್ಲಿ ಐ-80 ಡಾನರ್ ಶಿಖರದ ಬಳಿ 7,239 ಅಡಿ ಎತ್ತರಕ್ಕೆ ಏರಿ, ಅಲ್ಲಿಂದ ನೂರು ಮೈಲಿಗೂ ಕಡಿಮೆ ದೂರದಲ್ಲಿ ಸಮುದ್ರಮಟ್ಟದ ಸ್ಯಾಕ್ರಮೆಂಟೊಗೆ ಇಳಿಯುತ್ತದೆ. ಏರಿನಲ್ಲಿ ಗಾಡಿ ಸೋತರೆ ಪಕ್ಕಕ್ಕೆ ನಿಲ್ಲಬಹುದು, ಮಾನ ಹೋಗುತ್ತದೆ ಅಷ್ಟೇ. ಇಳಿಜಾರಿನಲ್ಲಿ ಸೋತರೆ ನಿಲ್ಲುವುದೇ ಆಗುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಅದೆಲ್ಲವೂ ಶಾಖವಾಗುತ್ತದೆ. ಬ್ರೇಕ್ ಎಣ್ಣೆ ವರ್ಷಗಳು ಕಳೆದಂತೆ ಗಾಳಿಯ ತೇವ ಹೀರುತ್ತದೆ. ಬಿಸಿಯೇರಿ ಆ ನೀರು ಕುದಿದರೆ ಪೆಡಲ್ಲು ಹತ್ತಿಯ ಮೇಲೆ ಕಾಲಿಟ್ಟಂತೆ ಒಳಗೆ ಹೋಗುತ್ತದೆ.

ಇದನ್ನು ನಾನು ಓದಿ ತಿಳಿದವನಲ್ಲ. ಯಲ್ಲಾಪುರದಲ್ಲಿ ನನ್ನ ಸೋದರಮಾವನ ಲಾರಿಯಿತ್ತು, ಅರಬೈಲ್ ಘಾಟಿ ಇಳಿದು ಅಂಕೋಲೆಗೆ ಹೋಗುತ್ತಿತ್ತು. ರಜೆಯಲ್ಲಿ ನಾನು ಕ್ಲೀನರನ ಪಕ್ಕ ಕೂತು ಹೋದದ್ದುಂಟು. ಎಫ್.ಸಿ. ದಿನ ಬಂತೆಂದರೆ ಲಾರಿಗೆ ಮದುವೆಯ ಸಂಭ್ರಮ. ಬಣ್ಣ ಬಳಿಯುವುದು, ಲೈಟು ಹಾಕಿಸುವುದು. ಪರಿಚಯದವರ ಲಾರಿಯಿಂದ ಒಳ್ಳೆಯ ಟಯರುಗಳನ್ನು ಒಂದು ದಿನಕ್ಕೆ ಸಾಲ ತಂದು ಹಾಕಿದ್ದನ್ನೂ ಕಂಡಿದ್ದೇನೆ. ಸಂಜೆ ಕಾಗದ ಕೈಗೆ ಬಂದ ಮೇಲೆ ಟಯರು ವಾಪಸ್ಸು. ಮಾವನಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಲಾರಿ ಓಡಿಸುತ್ತಿದ್ದ ಸಾಬರು ಮಾತ್ರ, "ಕಾಗದ ಆಫೀಸಿಗೆ ಸಾಕು ಸ್ವಾಮೀ, ಘಾಟಿಗೆ ಸಾಲದು" ಎನ್ನುತ್ತಿದ್ದರು. ಘಾಟಿಯ ತಲೆಯ ಮೇಲೆ ಲಾರಿ ನಿಲ್ಲಿಸಿ ಚಾ ಕುಡಿದು, ಆರೂ ಚಕ್ರಗಳನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದರು, ಥೇಟ್ ತಾಯಂದಿರು ಮಗುವಿನ ಜ್ವರ ನೋಡುವಂತೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಅವರ ನಿಯಮ. ಕೆಳಗಿನ ತಿರುವಿನಲ್ಲಿ ಶಾಲೆಯ ಮಕ್ಕಳು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಆ ಮಕ್ಕಳಿಗೂ ನಮ್ಮ ಲಾರಿಯ ಟಯರಿಗೂ ಸಂಬಂಧವಿದೆಯೆಂದು ಅಂದು ನನಗೆ ಹೊಳೆದಿರಲಿಲ್ಲ.

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು. ಎಲ್ಲದಕ್ಕೂ ಹೀಗೆ ಅಳೆದು ಸುರಿದು ನೋಡಿದರೆ ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ, ನಾವಾದರೂ ಇಲ್ಲಿಗೆ ಬರುತ್ತಿದ್ದೆವೇ? ನಿಜ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಕೂಟದ ಯಾರಾದರೂ ಕೇಳುತ್ತಾರೆ: "ಡಾಕ್ಟ್ರೇ, ಅಮ್ಮನಿಗೆ 78, ಶುಗರ್ ಇದೆ, ಒಂದು ಸ್ಟೆಂಟ್ ಆಗಿದೆ, ಮೊಮ್ಮಗಳನ್ನು ನೋಡಬೇಕಂತೆ, ಇಪ್ಪತ್ತು ಗಂಟೆ ವಿಮಾನದಲ್ಲಿ ಕೂರಬಹುದಾ?" ನಾನು ಅಪಾಯವೇನೆಂದು ಹೇಳುತ್ತೇನೆ, ಕಾಲು ಆಡಿಸುತ್ತಿರಲಿ, ಮಾತ್ರೆ ಕೈಚೀಲದಲ್ಲೇ ಇರಲಿ ಎನ್ನುತ್ತೇನೆ. ಬಹಳ ಸಲ ಕೊನೆಗೆ, ಅಮ್ಮನನ್ನೇ ಕೇಳಿ ಎನ್ನುತ್ತೇನೆ. ಆ ಅಪಾಯ ಅಮ್ಮನದು, ಆ ಮೊಮ್ಮಗಳೂ ಅಮ್ಮನವಳು. ತನ್ನ ಉಳಿದ ದಿನಗಳನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಅವರ ಹಕ್ಕು. ಅದನ್ನು ಕಸಿದುಕೊಳ್ಳುವುದು ಕಾಳಜಿಯಲ್ಲ, ಯಜಮಾನಿಕೆ.

ಆದರೆ ಡಾನರ್ ಇಳಿಜಾರಿನಲ್ಲಿ ನನ್ನ ಮುಂದೆ ಹೋಗುತ್ತಿರುವ ಕಾರಿನ ಹಿಂಸೀಟಿನಲ್ಲಿ ಮಲಗಿರುವ ಮಗುವನ್ನು ಯಾರು ಕೇಳಿದ್ದಾರೆ? ಅದು ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿಲ್ಲ. ಕಠೋಪನಿಷತ್ತು ದೇಹವನ್ನು ರಥಕ್ಕೆ ಹೋಲಿಸುತ್ತದೆ. ಬುದ್ಧಿ ಸಾರಥಿ, ಇಂದ್ರಿಯಗಳು ಕುದುರೆಗಳು. ಬಹಳ ಒಳ್ಳೆಯ ಹೋಲಿಕೆ. ಆದರೆ ಆ ರಥಕ್ಕೆ ಹಿಂದೆ ಟ್ರೈಲರ್ ಕಟ್ಟಿಲ್ಲ, ಎದುರಿಗೆ ಟ್ರಾಫಿಕ್ಕೂ ಇಲ್ಲ. ರಥ ಮುರಿದರೆ ಬೀಳುವವನು ರಥಿಕನೊಬ್ಬನೇ. ನಮ್ಮ ಬದುಕಿನ ರಥಗಳು ಬಹುಮಟ್ಟಿಗೆ ಐ-80ರ ಮೇಲಿವೆ.

ಮಕ್ಕಳಿಗೆ ಹಿಮ ತೋರಿಸಲು ಆ ಕಡೆ ಕರೆದೊಯ್ದವರು ಟ್ರಕೀ ಬಳಿಯ ಸ್ಮಾರಕವನ್ನು ನೋಡಿರುತ್ತೀರಿ. ಅದರ ಪೀಠ 22 ಅಡಿ ಎತ್ತರ, ಆ ವರ್ಷ ಬಿದ್ದ ಹಿಮದ ಆಳದ ಗುರುತು. 1846ರ ಚಳಿಗಾಲದಲ್ಲಿ ಡಾನರ್ ತಂಡದ ಎಂಬತ್ತರಷ್ಟು ಜನ ಅಲ್ಲಿ ಸಿಕ್ಕಿಬಿದ್ದರು. ಉಳಿದು ಬಂದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅವರು ಹಸಿವಿಗೆ ಏನು ತಿಂದರು ಎಂಬ ಮಾತನ್ನೇ ಎಲ್ಲರೂ ಆಡುತ್ತಾರೆ. ನನಗೆ ಅದಕ್ಕಿಂತ ಅವರು ಅಲ್ಲಿಗೆ ತಡವಾಗಿ ಬಂದದ್ದೇಕೆ ಎಂಬುದೇ ಕಾಡುತ್ತದೆ. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬ ವಕೀಲ 1845ರಲ್ಲಿ ವಲಸೆಗಾರರಿಗೊಂದು ಕೈಪಿಡಿ ಬರೆದು, ಸಾಲ್ಟ್ ಲೇಕಿನ ದಕ್ಷಿಣದಿಂದ ಹೋಗುವ ಒಂದು ಅಡ್ಡದಾರಿಯನ್ನು ಸೂಚಿಸಿದ. ಬರೆಯುವಾಗ ಆ ದಾರಿಯಲ್ಲಿ ಅವನು ಹೆಜ್ಜೆಯಿಟ್ಟಿರಲಿಲ್ಲ. 1846ರ ವಸಂತದಲ್ಲಿ ಒಮ್ಮೆ ಬಂದ, ಅದೂ ಸವಾರಿಯಲ್ಲಿ. ತುಂಬಿದ ಬಂಡಿಗಳನ್ನು ಎಳೆದುಕೊಂಡಲ್ಲ. ಅವನ ಜೊತೆಗೇ ಆ ದಾರಿ ನೋಡಿ ಬಂದ ಜೇಮ್ಸ್ ಕ್ಲೈಮನ್ ಎಂಬ ಬೆಟ್ಟಗಾಡಿನ ಮನುಷ್ಯ ಜೂನ್ ಕೊನೆಯಲ್ಲಿ ಫೋರ್ಟ್ ಲಾರಮಿಯ ಬಳಿ ಡಾನರ್ ತಂಡದ ಜೇಮ್ಸ್ ರೀಡನನ್ನು ಕಂಡ. ಇಬ್ಬರೂ ಹಿಂದೆ ಒಂದೇ ಸೈನ್ಯದ ತುಕಡಿಯಲ್ಲಿದ್ದವರು. ಬಂಡಿಗಳೊಂದಿಗೆ ಆ ದಾರಿ ಹಿಡಿಯಬೇಡ, ಎಲ್ಲರೂ ಹೋಗುವ ದಾರಿಯಲ್ಲೇ ಹೋಗು ಎಂದು ಕ್ಲೈಮನ್ ಖಡಾಖಂಡಿತವಾಗಿ ಹೇಳಿದ. ರೀಡ್ ಹತ್ತಿರದ ದಾರಿಯ ಆಸೆ ಬಿಡಲಿಲ್ಲ. ಉಪ್ಪಿನ ಮರಳುಗಾಡಿನಲ್ಲಿ ಎತ್ತುಗಳು ಹೋದವು, ವಾರಗಳು ಹೋದವು. ಆ ಅಡ್ಡದಾರಿ ಮತ್ತೆ ಹೆದ್ದಾರಿಗೆ ಸೇರುವುದು ಹಂಬೋಲ್ಟ್ ನದಿಯ ದಂಡೆಯಲ್ಲಿ, ನನ್ನ ಗೆಳೆಯನ ಎಲ್ಕೊದಿಂದ ಕೆಲವೇ ಮೈಲಿ ಪಶ್ಚಿಮಕ್ಕೆ.

ಹೇಸ್ಟಿಂಗ್ಸನನ್ನು ಬೈಯುವುದು ಸುಲಭ. ದಾರಿ ಇದೆ ಎಂದ, ಯಾರಿಗೆ ಮತ್ತು ಎಷ್ಟು ಹೊರೆಗೆ ಎಂದು ಹೇಳಲಿಲ್ಲ. ಆದರೆ ನಾನು ಕ್ಲೈಮನ್ ಆಗಬೇಕಾದ ಜಾಗದಲ್ಲಿ ಏನಾದೆ ಎಂಬುದನ್ನೂ ಬರೆಯಲೇಬೇಕು.

ಕಳೆದ ವರ್ಷ ಬೇಸಿಗೆಯಲ್ಲಿ ಎಲ್ಕೊಗೆ ಹೋಗಿದ್ದೆ. ಗೆಳೆಯ ತನ್ನ ಗಾಡಿಯಲ್ಲಿ ರೂಬಿ ಪರ್ವತದ ಲಮಾಯಿಲ್ ಕಣಿವೆಗೆ ಕರೆದೊಯ್ದ. ಬಹಳ ಸುಂದರ ಜಾಗ, ಸೊರಬದ ಕಾಡು ನೋಡಿದವರಿಗೂ ಇಷ್ಟವಾದೀತು. ದಾರಿಯಲ್ಲಿ ಎರಡು ಸಲ ಬಲಗಡೆಯ ಚಕ್ರ ಬಿಳಿಗೆರೆ ದಾಟಿತು. ಆಮೇಲೆ ಒಬ್ಬ ಸೈಕಲ್ಲಿನವನು ಬಲ ಅಂಚಿನಲ್ಲಿ ಹೋಗುತ್ತಿದ್ದ. ನಮ್ಮ ಕನ್ನಡಿ ಅವನ ಮೊಣಕೈಯ ಪಕ್ಕದಲ್ಲೇ ಹಾದುಹೋಯಿತು. ಗೆಳೆಯ ಮಾತಾಡುತ್ತಲೇ ಇದ್ದ. ಹಿಂದಿರುಗಿ ನೋಡಿದೆ, ಅವನು ಕಾಲೂರಿ ನಿಂತು ಕೈಯೆತ್ತಿ ಏನೋ ಕೂಗುತ್ತಿದ್ದ. ಗ್ಲಾಕೋಮಾದಲ್ಲಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯ ತನಕ ಉಳಿಯುತ್ತದೆ. ಹಾಗಾಗಿ ರೋಗಿಗೆ ತನಗೇನೋ ಕಡಿಮೆಯಾಗಿದೆ ಎನಿಸುವುದೇ ಇಲ್ಲ. ಇದು ಮೂರನೇ ವರ್ಷದ ಎಂ.ಬಿ.ಬಿ.ಎಸ್. ಪಾಠ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದ್ದೆವು. ಅವನಿಗೆ ಕಾಯಿಲೆ ಇದೆಯೆಂದು, ಹನಿ ಔಷಧಿಯನ್ನು ಸರಿಯಾಗಿ ಹಾಕಿಕೊಳ್ಳುತ್ತಿಲ್ಲವೆಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ. ಡಾಕ್ಟರಿಗೆ ಡಾಕ್ಟರು ಹೇಳುವುದೇ? ಇಪ್ಪತ್ತನಾಲ್ಕು ವರ್ಷ ಒಂಟಿ ಊರಿನಲ್ಲಿ ಗಾಡಿಯನ್ನೇ ನಂಬಿದವನಿಗೆ ಗಾಡಿ ಬಿಡು ಎನ್ನುವುದೇ? ಕ್ಯಾಲಿಫೋರ್ನಿಯಾದಲ್ಲಿ ಮೂರ್ಛೆ ಬರುವ ರೋಗಿಯ ಬಗ್ಗೆ ವೈದ್ಯನು ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕೆಂದು ಕಾನೂನಿದೆ. ಅದನ್ನು ಎಷ್ಟೋ ಸಲ ಮಾಡಿದ್ದೇನೆ, ರೋಗಿಗಳ ಕಣ್ಣೀರಿಗೆ ಕರಗದೆ. ಗೆಳೆಯನ ಪಕ್ಕದ ಸೀಟಿನಲ್ಲಿ ನಾನು ಡಾಕ್ಟರಾಗಿರಲಿಲ್ಲ, ಸಾಲದ ಟಯರು ಹಾಕಿಸುತ್ತಿದ್ದ ಸೋದರಮಾವನಾಗಿದ್ದೆ. ಈ ವಸಂತದಲ್ಲಿ ಅವನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಗಾಡಿ ಓಡಿಸುವುದನ್ನು ನಿಲ್ಲಿಸಿದರು. ನಡುವೆ ಎಂಟು ತಿಂಗಳು ಅವನು ಓಡಿಸಿದ. ಯಾರಿಗೂ ಏನೂ ಆಗಲಿಲ್ಲ. ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ.

ಹೆಂಡತಿಯ ಪ್ರಶ್ನೆ ಕಚ್ಚಿದ್ದು ಇದಕ್ಕೇ. ಪ್ರೀತಿಯಿರುವಲ್ಲಿ ನಮ್ಮ ಕೈ ಎಫ್.ಸಿ.ಗೆ ಬೇಗ ಸಹಿ ಹಾಕುತ್ತದೆ. ವೈದ್ಯರು ಸ್ವಂತ ಮನೆಯವರಿಗೆ ಚಿಕಿತ್ಸೆ ಮಾಡಬಾರದೆಂಬ ಸಂಪ್ರದಾಯ ಸುಮ್ಮನೆ ಹುಟ್ಟಿದ್ದಲ್ಲ. ಟ್ರಕ್ಕಿನ ವಿಷಯದಲ್ಲೂ ನಾನು ಕಟ್ಟಿದ್ದು ಟಿಪ್ಪಣಿಯಲ್ಲ, ವಕಾಲತ್ತು.

ಹಾಗಾಗಿ ಒಂದು ಭಾನುವಾರ ಟ್ರಕ್ಕಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದೆ. ಹಿಂದೆ ಮರಳಿನ ಮೂಟೆಗಳನ್ನು ಹೇರಿ, ಹೈವೇ 92ರಲ್ಲಿ ಸ್ಕೈಲೈನ್ ತನಕ ಏರಿ, ಹಾಫ್ ಮೂನ್ ಬೇ ಕಡೆಗೆ ಇಳಿದೆ. ಏರಿನಲ್ಲಿ ಎಂಜಿನ್ ಹೂವಿನಂತೆ ಹೋಯಿತು. ಇಳಿಜಾರಿನಲ್ಲಿ ಕೆಳಗಿನ ಕುಂಬಳಕಾಯಿ ಹೊಲಗಳು ಕಾಣುವ ಹೊತ್ತಿಗೆ ಪೆಡಲ್ಲು ಮೆತ್ತಗಾಯಿತು. ಕೆಳಗೆ ನಿಲ್ಲಿಸಿ ಸಾಬರಂತೆ ಕೈ ಹಿಂಭಾಗದಿಂದ ಮುಟ್ಟಿದೆ. ಒಂದು ಹಿಂಚಕ್ರ ಕಾದಿತ್ತು, ಇನ್ನೊಂದು ತಣ್ಣಗಿತ್ತು. ಎಂದರೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ. ಸ್ಟೆಪ್ನಿ ಟಯರಿನ ಮೇಲೆ ನೋಡಿದರೆ ಕೊನೆಯ ನಾಲ್ಕು ಅಂಕಿ 2308, ಅಂದರೆ 2008ನೇ ಇಸವಿಯ 23ನೇ ವಾರ ತಯಾರಾದದ್ದು. ನೋಡಲು ಹೊಸದರಂತಿದೆ, ರಬ್ಬರ್ ಒಳಗೆ ಸತ್ತಿದೆ.

ನಮ್ಮ ಮೆಕ್ಯಾನಿಕ್ ಹೇವರ್ಡಿನವನು. ಹಿಂದೊಮ್ಮೆ ಕೇಳಿದಾಗ, ಬಹುಶಃ ಹೋಗಿ ಬರಬಹುದು ಎಂದಿದ್ದ. ಈ ಸಲ ಬ್ರೇಕ್ ರಿಪೇರಿಗೆ ಬಿಟ್ಟು ಪ್ರಶ್ನೆಯನ್ನೇ ಬದಲಿಸಿದೆ. "ಹಿಂದೆ 3,800 ಪೌಂಡ್, ಡಾನರ್‌ನಿಂದ ಇಳಿಯಬೇಕು, ನನ್ನ ಮುಂದಿನ ಕಾರಿನಲ್ಲಿ ನಿನ್ನ ಮಕ್ಕಳು. ಏನು ಹೇಳುತ್ತೀ?" ಅವನು ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಟ್ರಕ್ಕಿನ ಅಡಿಗೆ ನೋಡಿದ. ಖಾಲಿ ಹೋಗು, ಖಾಲಿ ಬಾ, ಟ್ರೈಲರ್ ಕಟ್ಟಬೇಡ ಎಂದ. ಇಷ್ಟು ದಿನ ಅವನ ಉತ್ತರ ತಪ್ಪಾಗಿತ್ತು ಎನ್ನಲಾರೆ. ನಾನು ಕೇಳಿದ್ದೇ ಬೇರೆಯಾಗಿತ್ತು.

ಆ ರಾತ್ರಿ ಎಲ್ಕೊಗೆ ಫೋನ್ ಮಾಡಿದೆ. ಟ್ರೈಲರ್ ಸಾಗಿಸುವುದನ್ನೇ ಕಸುಬಾಗಿಸಿಕೊಂಡವರಿಂದ ತರಿಸುತ್ತೇನೆ, ನಾನು ಖಾಲಿ ಗಾಡಿಯಲ್ಲಿ ಬರುತ್ತೇನೆ, ನಿನ್ನ ಪುಸ್ತಕದ ಪೆಟ್ಟಿಗೆಗಳನ್ನಷ್ಟು ಹಾಕಿಕೊಂಡು ಬರುತ್ತೇನೆ ಎಂದೆ. ಬೇಜಾರಾಯಿತೆಂದು ದನಿಯಲ್ಲಿ ಗೊತ್ತಾಯಿತು. ಆಮೇಲೆ, ಫೋನ್ ಇಡುವ ಮೊದಲು, ಲಮಾಯಿಲ್ ದಾರಿಯಲ್ಲಿ ಒಬ್ಬ ಸೈಕಲ್ಲಿನವನಿದ್ದ, ನೀನು ನೋಡಲಿಲ್ಲ, ನಾನು ನೋಡಿದೆ, ಹೇಳಲಿಲ್ಲ ಎಂದೆ.

"ಯಾವ ಸೈಕಲ್ಲು?" ಎಂದ.

ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. "ಅವತ್ತ ಹೇಳಿದ್ರ ನಾ ಕೇಳ್ತಿದ್ನೋ ಇಲ್ಲೋ, ಜಗಳಾನ ಮಾಡ್ತಿದ್ನೇನೋ. ಆದ್ರ ನೀ ಹೇಳಬೇಕಿತ್ತಲೇ" ಎಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಬರೂ ಮುಂದ ಶೇಂಗಾ ಚಟ್ನಿಪುಡಿ ತಾ. ಇಲ್ಲಿ ಏನೂ ಸಿಗೂದಿಲ್ಲ" ಎಂದ.

ಅಕ್ಟೋಬರ್ ಎರಡನೆಯ ವಾರ, ಹಿಮ ಬೀಳುವ ಮೊದಲೇ ಹೊರಡುವುದೆಂದು ನಿಶ್ಚಯವಾಗಿದೆ. ನನ್ನವಳೂ ಬರುತ್ತಾಳೆ. ಚಕ್ರಗಳಿಗೆ ನಿಂಬೆಹಣ್ಣು ಇಡುವುದು ಅವಳ ಜವಾಬ್ದಾರಿ, ಹೊಸ ಸ್ಟೆಪ್ನಿ ತರುವುದು ನನ್ನದು. ಟ್ರೈಲರನ್ನು ನಮ್ಮ ಬಡಾವಣೆಯಲ್ಲಿ ನಿಲ್ಲಿಸುವಂತಿಲ್ಲ. ಹೇವರ್ಡ್ ಅಥವಾ ಯೂನಿಯನ್ ಸಿಟಿ ಕಡೆ ತಿಂಗಳ ಬಾಡಿಗೆಗೆ ಜಾಗ ಗೊತ್ತಿರುವ ಸದಸ್ಯರು ದಯವಿಟ್ಟು ತಿಳಿಸಿ. ಹದಿನಾರು ಅಡಿ ಉದ್ದ, ಮುಂದಿನ ಕೊಂಡಿಗೆ ಇನ್ನೂ ಮೂರು ಅಡಿ ಸೇರಿಸಿಕೊಳ್ಳಿ.